ಚಂಚಲ: ನಿಂತಲ್ಲಿ ನಿಲ್ಲದ್ದರ ಹೆಸರು

‘ಅವನದು ಚಂಚಲ ಮನಸ್ಸು’, ‘ಲಕ್ಷ್ಮಿ ಚಂಚಲೆ’, ‘ಪೇಟೆ ಇವತ್ತು ಚಂಚಲವಾಗಿತ್ತು’, ‘ದುಡ್ಡು ಕಂಡು ಮನಸ್ಸು ಚಂಚಲವಾಯಿತು’, ‘ಚಂಚಲ ಕಣ್ಣಿನ ಚೆಲುವೆ’. ಐದೂ ಕನ್ನಡದಲ್ಲಿ ಸಲ್ಲುವ ಮಾತುಗಳೇ. ಒಂದರಲ್ಲಿ ಆಕ್ಷೇಪವಿದೆ, ಒಂದರಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ಬರೀ ವರದಿ. ನಿಘಂಟು ತೆರೆದರೆ ‘ಅಸ್ಥಿರ, ಚಪಲ, ಅಲುಗಾಡುವ’ ಎಂದು ಮೂರು ಪದ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆ ಮೂರನ್ನೂ ಚಂಚಲದ ಜಾಗದಲ್ಲಿ ಇಟ್ಟು ನೋಡಿ. ‘ಲಕ್ಷ್ಮಿ ಚಪಲೆ’ ಎಂದರೆ ಕೇಳಿದವರು ಮುಖ ಸಿಂಡರಿಸುತ್ತಾರೆ. ‘ಅಸ್ಥಿರ ಕಣ್ಣಿನ ಚೆಲುವೆ’ ಎಂದರೆ ಕಣ್ಣಿನ ಡಾಕ್ಟರ ನೆನಪಾಗುತ್ತದೆ.

ಗೊಂದಲ ಹುಟ್ಟುವುದು ಒಂದೇ ಕಡೆ. ಚಂಚಲ ಎಂದರೆ ‘ಬದಲಾಗುವ’ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಅದರ ನಿಜವಾದ ಅರ್ಥ ‘ನಿಲ್ಲಲಾರದ’. ಬದಲಾವಣೆಗೆ ಎರಡು ತುದಿ ಬೇಕು: ಮೊದಲು ಹೀಗಿತ್ತು, ಈಗ ಹಾಗಾಯಿತು. ಚಾಂಚಲ್ಯಕ್ಕೆ ಆ ಎರಡನೆಯ ತುದಿ ಸಿಗುವುದೇ ಇಲ್ಲ. ಹತ್ತು ವರ್ಷ ಒಂದು ಮಾತನ್ನು ನಂಬಿಕೊಂಡಿದ್ದು, ಅದು ತಪ್ಪೆಂದು ಸಾಕ್ಷಿ ಸಿಕ್ಕ ದಿನ ಬಿಟ್ಟವನು ಬದಲಾದವನು. ಅವನನ್ನು ಚಂಚಲ ಎಂದರೆ ಪದಕ್ಕೂ ಅನ್ಯಾಯ, ಅವನಿಗೂ ಅನ್ಯಾಯ. ಹತ್ತು ವರ್ಷದಿಂದ ಒಂದನ್ನೂ ಬಿಡದೆ, ಒಂದನ್ನೂ ಹಿಡಿಯದೆ ಎಲ್ಲದರ ಸುತ್ತ ಸುಳಿದಾಡುತ್ತಿರುವವನು ಚಂಚಲ. ಅವನಲ್ಲಿ ಏನೂ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು.

ಪದದ ಒಳಗೇ ಇರುವ ಅಲುಗಾಟ

ಸಂಸ್ಕೃತದ ‘ಚಲ್’ ಎಂಬ ಧಾತುವಿಗೆ ಅಲುಗು, ಕದಲು, ನಡೆ ಎಂಬ ಅರ್ಥಗಳಿವೆ. ಚಲನೆ, ಚಲಿಸು, ಚಾಲಕ, ಸಂಚಲನ, ಚಾಲ್ತಿ ಎಲ್ಲ ಅದೇ ಬೇರಿನವು. ಕ್ರಿಯೆಯೊಂದು ಮತ್ತೆ ಮತ್ತೆ ಅಥವಾ ಬಲವಾಗಿ ನಡೆಯುತ್ತದೆ ಎಂದು ಹೇಳಬೇಕಾದಾಗ ಸಂಸ್ಕೃತ ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸಿ, ನಡುವೆ ಒಂದು ಅನುನಾಸಿಕ ಸೇರಿಸುವುದುಂಟು. ‘ಕ್ರಮ್’ ಎಂದರೆ ಹೆಜ್ಜೆ ಹಾಕು. ಹಿಂದಕ್ಕೂ ಮುಂದಕ್ಕೂ ಹೆಜ್ಜೆ ಹಾಕುತ್ತಲೇ ಇರುವುದು ‘ಚಂಕ್ರಮಣ’. ‘ಗಮ್’ ಎಂದರೆ ಹೋಗು; ಹೋಗುತ್ತಲೇ ಇರುವುದು ‘ಜಂಗಮ’. ‘ಚಲ್’ ಎಂದರೆ ಅಲುಗು. ಅಲುಗುತ್ತಲೇ ಇರುವುದು ‘ಚಂಚಲ’.

ಜಂಗಮವೂ ಚಂಚಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪದಗಳು ಎಂಬುದು ಕನ್ನಡಿಗರಿಗೆ ಸ್ವಲ್ಪ ಅಚ್ಚರಿಯ ಸಂಗತಿ. ಒಂದಕ್ಕೆ ನಾವು ಕಾಲು ಮುಟ್ಟಿ ನಮಸ್ಕರಿಸುತ್ತೇವೆ, ಇನ್ನೊಂದನ್ನು ಮಕ್ಕಳ ದೂರಿನ ಪಟ್ಟಿಯಲ್ಲಿ ಹಾಕುತ್ತೇವೆ. ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಎಂದು ಬಸವಣ್ಣ ಹೇಳುವಾಗ ಚಲನೆಯೇ ಹಿರಿದಾಗುತ್ತದೆ. ವ್ಯತ್ಯಾಸವಿರುವುದು ಎಲ್ಲಿಗಾದರೂ ತಲುಪುತ್ತದೋ ಇಲ್ಲವೋ ಎಂಬುದರಲ್ಲಿ. ಜಂಗಮ ಊರಿಂದ ಊರಿಗೆ ಹೋಗುತ್ತದೆ. ಚಂಚಲ ಇದ್ದಲ್ಲೇ ಅಲುಗುತ್ತದೆ.

ಇದಕ್ಕೆ ಅರಳಿ ಮರಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಅರಳಿಗೆ ಕೊಡುವ ಹೆಸರುಗಳಲ್ಲಿ ‘ಚಲದಲ’ ಒಂದು, ಅಂದರೆ ಅಲುಗುವ ಎಲೆಯದು. ಅರಳಿ ಎಲೆಯ ತೊಟ್ಟು ಉದ್ದ, ತೆಳು. ಎಲೆಯ ತುದಿ ಬಾಲದ ಹಾಗೆ ಎಳೆದುಕೊಂಡಿರುತ್ತದೆ. ಪಕ್ಕದ ಮಾವಿನ ಮರದ ಎಲೆ ಮಿಸುಕದಷ್ಟು ಸಣ್ಣ ಗಾಳಿಗೂ ಅರಳಿ ಎಲೆ ಪಟಪಟ ಎನ್ನುತ್ತದೆ. ಸಾವಿರಾರು ಎಲೆ ದಿನವಿಡೀ ಹೊಯ್ದಾಡಿದರೂ ಒಂದೂ ಕೊಂಬೆ ಬಿಟ್ಟು ಹೋಗಿರುವುದಿಲ್ಲ. ಚಂಚಲ ಎನ್ನುವುದು ಈ ಬಗೆಯ ಚಲನೆಗೆ: ಸಣ್ಣ ಕಾರಣ ಸಾಕು, ನಿಲ್ಲುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ.

ಅದೇ ಅಮರಕೋಶ ಚಂಚಲದ ಸಮಾನಾರ್ಥಕಗಳನ್ನು ಒಂದೇ ಉಸಿರಿಗೆ ಹೇಳುತ್ತದೆ: ಚಲನ, ಕಂಪನ, ಕಂಪ್ರ, ಚಲ, ಲೋಲ, ಚಲಾಚಲ, ಚಂಚಲ, ತರಲ, ಪಾರಿಪ್ಲವ, ಪರಿಪ್ಲವ. ಹತ್ತರಲ್ಲಿ ಒಂದಕ್ಕೂ ನೀತಿಯ ಬಣ್ಣವಿಲ್ಲ. ನಡುಗುವ ದೀಪದ ಕುಡಿಗೂ, ತೇಲುವ ಹುಲ್ಲುಕಡ್ಡಿಗೂ, ಅಲುಗುವ ಕಿವಿಯೋಲೆಗೂ ಒಪ್ಪುವ ಪದಗಳಿವು. ಮಿಂಚಿನ ಹೆಸರುಗಳನ್ನು ಹೇಳುವ ಜಾಗದಲ್ಲಿ ‘ಚಂಚಲಾ’, ‘ಚಪಲಾ’ ಎರಡೂ ಬರುತ್ತವೆ. ಮಗಳಿಗೆ ಚಂಚಲಾ ಎಂದು ಹೆಸರಿಟ್ಟವರು ಮಿಂಚು ಎಂದು ಕರೆದಿದ್ದಾರೆಯೇ ಹೊರತು ದೂರಿಲ್ಲ.

ಮನಸ್ಸಿಗೆ ಅಂಟಿಕೊಂಡದ್ದು

ವಸ್ತುವಿನ ಗುಣವಾಗಿದ್ದ ಪದ ಮನಸ್ಸಿಗೆ ಖಾಯಮ್ಮಾಗಿ ಅಂಟಿಕೊಳ್ಳಲು ಭಗವದ್ಗೀತೆಯ 6ನೆಯ ಅಧ್ಯಾಯದ ಪಾಲು ದೊಡ್ಡದು. 34ನೆಯ ಶ್ಲೋಕದಲ್ಲಿ ಅರ್ಜುನ ಹೇಳುತ್ತಾನೆ: ‘ಚಂಚಲಂ ಹಿ ಮನಃ ಕೃಷ್ಣ ಪ್ರಮಾಥಿ ಬಲವದ್ ದೃಢಮ್’. ಮನಸ್ಸಿಗೆ ಇಲ್ಲಿ ನಾಲ್ಕು ವಿಶೇಷಣಗಳಿವೆ: ಚಂಚಲ, ಕದಡಿ ಹಾಕುವಂಥದ್ದು, ಬಲಶಾಲಿ, ಗಟ್ಟಿ. ಮೊದಲನೆಯದೂ ಕೊನೆಯದೂ ಒಂದಕ್ಕೊಂದು ಹೊಂದದ ಹಾಗೆ ಕಾಣುತ್ತವೆ. ಚಂಚಲವಾದದ್ದು ದೃಢ ಹೇಗಾದೀತು?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಪದದ ಅರ್ಥ ಪೂರ್ತಿ ಸಿಕ್ಕಂತೆ. ಚಂಚಲ ಎಂದರೆ ದುರ್ಬಲವಲ್ಲ. ಮನಸ್ಸು ತನ್ನ ಅಲುಗಾಟದಲ್ಲಿ ಬಹಳ ಗಟ್ಟಿ. ಹಿಡಿದು ನಿಲ್ಲಿಸಲು ಹೋದವನನ್ನೇ ಎಳೆದುಕೊಂಡು ಹೋಗುವಷ್ಟು ಗಟ್ಟಿ. ಅದಕ್ಕೇ ಶ್ಲೋಕದ ಮುಂದಿನ ಸಾಲು ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಕಷ್ಟ ಎನ್ನುತ್ತದೆ. ಗಾಳಿಯನ್ನು ಯಾರೂ ದುರ್ಬಲ ಎನ್ನುವುದಿಲ್ಲವಲ್ಲ. ‘ಚಂಚಲ ಮನಸ್ಸಿನ ಅಳ್ಳೆದೆಯವನು’ ಎಂದು ಬರೆಯುವವರು ಎರಡು ಬೇರೆ ಕೊರತೆಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದಾರೆ. ಅಳ್ಳೆದೆಯವನು ಹೆಜ್ಜೆ ಇಡಲು ಹೆದರುತ್ತಾನೆ. ಚಂಚಲನಿಗೆ ಹೆದರಿಕೆಯಿಲ್ಲ, ಅವನು ಎಲ್ಲ ಕಡೆಗೂ ಹೆಜ್ಜೆ ಇಡುತ್ತಾನೆ.

ಬಸವಣ್ಣನ ವಚನ ಇದನ್ನೇ ಇನ್ನಷ್ಟು ಹತ್ತಿರದಿಂದ ತೋರಿಸುತ್ತದೆ: ‘ಕೊಂಬೆಯ ಮೇಲಣ ಮರ್ಕಟನಂತೆ ಲಂಘಿಸುವುದೆನ್ನ ಮನವು, ನಿಂದಲ್ಲಿ ನಿಲಲೀಯದೆನ್ನ ಮನವು, ಹೊಂದಿದಲ್ಲಿ ಹೊಂದಲೀಯದೆನ್ನ ಮನವು’. ಚಂಚಲ ಎಂಬ ಪದ ಇಲ್ಲಿ ಬಂದೇ ಇಲ್ಲ. ಅದರ ಕನ್ನಡ ಅರ್ಥವಿವರಣೆ ಮಾತ್ರ ಬಂದಿದೆ: ನಿಂದಲ್ಲಿ ನಿಲಲೀಯದು. ‘ನಿಲ್ಲದು’ ಎನ್ನದೆ ‘ನಿಲಲೀಯದು’ ಎಂದಿರುವುದನ್ನು ನೋಡಬೇಕು. ನಿಲ್ಲಬೇಕು ಎನ್ನುವವನು ಒಬ್ಬ ಒಳಗಿದ್ದಾನೆ, ನಿಲ್ಲಲು ಬಿಡದ್ದು ಮನಸ್ಸು. ಚಾಂಚಲ್ಯದಲ್ಲಿ ಈ ಅಸಹಾಯಕತೆ ಇದ್ದೇ ಇರುತ್ತದೆ. ಬೇಕೆಂದೇ ಮಾಡಿದ್ದು ಚಾಂಚಲ್ಯವಲ್ಲ.

ಅರ್ಜುನ, ಬಸವಣ್ಣ ಇಬ್ಬರೂ ಗಂಡಸರು, ಇಬ್ಬರೂ ತಮ್ಮ ತಮ್ಮ ಮನಸ್ಸಿನ ಬಗ್ಗೆಯೇ ಹೇಳಿಕೊಂಡವರು. ‘ಹೆಣ್ಣಿನ ಮನಸ್ಸು ಚಂಚಲ’ ಎಂಬ ಸವೆದ ವಾಕ್ಯ ಬರೆಯುವ ಮುಂಚೆ ಇದು ನೆನಪಿದ್ದರೆ ಒಳ್ಳೆಯದು. ‘ಲಕ್ಷ್ಮಿ ಚಂಚಲೆ’ ಎಂಬ ಮಾತೂ ಸಂಪತ್ತು ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದರ ಬಗೆಗಿನದು. ವ್ಯಾಕರಣದ ಸ್ತ್ರೀಲಿಂಗವನ್ನು ಸ್ತ್ರೀಸ್ವಭಾವಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಸೋಮಾರಿತನ.

ಒಂದೇ ಮೇಜು, ಆರು ಜನ

ಹತ್ತಿರದ ಪದಗಳನ್ನು ಬೇರ್ಪಡಿಸಲು ಏನು ಅಲುಗುತ್ತಿದೆ, ಏಕೆ ಅಲುಗುತ್ತಿದೆ ಎಂದು ಕೇಳಿಕೊಂಡರೆ ಸಾಕು. ಪರೀಕ್ಷೆಗೆ ಓದಲು ಒಂದೇ ಮೇಜಿನ ಸುತ್ತ ಕೂತ ಆರು ಜನರನ್ನು ಕಲ್ಪಿಸಿಕೊಳ್ಳಿ.

ಮೊದಲನೆಯವನು ಪುಸ್ತಕ ತೆರೆದಿದ್ದಾನೆ. ಎರಡು ಸಾಲು ಓದಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾನೆ. ಫ್ಯಾನು ಏಕೆ ಕಿರುಗುಡುತ್ತಿದೆ ಎಂದು ತಲೆ ಎತ್ತುತ್ತಾನೆ. ಪುಟ ಮುಂದಕ್ಕೆ ಮಗುಚಿ ಅಧ್ಯಾಯ ಎಷ್ಟು ಉದ್ದವಿದೆ ನೋಡುತ್ತಾನೆ. ಮತ್ತೆ ಅದೇ ಎರಡು ಸಾಲಿಗೆ ಬರುತ್ತಾನೆ. ಫ್ಯಾನಿನ ಮೇಲೆ ಅವನಿಗೇನೂ ಆಸೆಯಿಲ್ಲ, ಓದಬಾರದೆಂಬ ತೀರ್ಮಾನವೂ ಇಲ್ಲ. ಗಮನ ಕೂತಲ್ಲಿ ಕೂರುತ್ತಿಲ್ಲ, ಅಷ್ಟೆ. ಇದು ಚಾಂಚಲ್ಯ, ಅಪ್ಪಟವಾದದ್ದು.

ಎರಡನೆಯವಳು ವಿಜ್ಞಾನ ತೆಗೆದುಕೊಳ್ಳಲೋ ವಾಣಿಜ್ಯವೋ ಎಂದು ಮೂರು ವಾರದಿಂದ ಒದ್ದಾಡುತ್ತಿದ್ದಾಳೆ. ಬೆಳಿಗ್ಗೆ ಅದು, ಸಂಜೆಗೆ ಇದು. ಇಲ್ಲಿ ಎರಡೇ ತುದಿಗಳು, ನಡುವೆ ತೂಗಾಟ. ಇದಕ್ಕೆ ಕನ್ನಡದಲ್ಲಿ ‘ಹೊಯ್ದಾಟ’ ಎಂಬ ಒಳ್ಳೆಯ ಪದವಿದೆ; ಪತ್ರಿಕೆಗಳಿಗೆ ‘ಡೋಲಾಯಮಾನ’ ಹೆಚ್ಚು ಪ್ರಿಯ. ದೋಲಾ, ಡೋಲಾ ಎಂದರೆ ಉಯ್ಯಾಲೆ. ಉಯ್ಯಾಲೆಗೆ ಎರಡು ಕಡೆ ಮಾತ್ರ ಇರುವುದು. ಆಯ್ಕೆ ಎರಡಿದ್ದಾಗ ಡೋಲಾಯಮಾನ, ಆಯ್ಕೆಯ ಪ್ರಶ್ನೆಯೇ ಇಲ್ಲದೆ ಹತ್ತು ಕಡೆ ಹರಿದಾಗ ಚಂಚಲ ಎಂದಿಟ್ಟುಕೊಂಡರೆ ತಪ್ಪುವುದು ಕಡಿಮೆ.

ಮೂರನೆಯವನು ಒಳ್ಳೆಯ ಮುಹೂರ್ತ ನೋಡಿ ಸೋಮವಾರದಿಂದ ಓದಲು ಶುರುಮಾಡುತ್ತೇನೆ ಎನ್ನುತ್ತಿದ್ದಾನೆ. ಅವನು ‘ಮೀನಮೇಷ ಎಣಿಸುವವನು’. ಇನ್ನೂ ಹೊರಟೇ ಇಲ್ಲದ್ದರಿಂದ ಚಂಚಲನಾಗುವ ಅವಕಾಶವೇ ಅವನಿಗೆ ಸಿಕ್ಕಿಲ್ಲ. ನಾಲ್ಕನೆಯವಳು ಮೊದಲ ದಿನ ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ ಮೂರನೆಯ ದಿನ ಕೈಬಿಟ್ಟಳು. ಆರಂಭಶೂರಳು. ಇವಳಲ್ಲಿ ಆದದ್ದು ಉತ್ಸಾಹ ಬತ್ತಿದ್ದು. ಮನಸ್ಸು ಬೇರೆಡೆ ಹಾರಿದ್ದಲ್ಲ. ಐದನೆಯವನಿಗೆ ಓದು ನಡೆಯುತ್ತಿದೆ, ಆದರೆ ಡಬ್ಬಿಯಲ್ಲಿರುವ ಚಕ್ಕುಲಿಯ ಕಡೆಗೇ ಕೈ ಹೋಗುತ್ತಿದೆ. ಅದು ಚಪಲ. ಆರನೆಯವನು ಯಾವ ಮೇಷ್ಟರು ಪ್ರಶ್ನೆಪತ್ರಿಕೆ ತೆಗೆಯುತ್ತಾರೋ ಅವರ ಪಾಠವೇ ಶ್ರೇಷ್ಠ ಎಂದು ಪ್ರತಿ ವರ್ಷ ಹೊಸದಾಗಿ ಹೇಳುತ್ತಾನೆ. ಅವನಿಗೆ ಗೋಸುಂಬೆ ಎಂಬ ಹೆಸರು ಕಾದಿದೆ.

ಮೊದಲನೆಯ ಹುಡುಗನ ವಿಷಯದಲ್ಲಿ ಒಂದು ಎಚ್ಚರಿಕೆ. ಮಕ್ಕಳನ್ನು ಸುಲಭವಾಗಿ ‘ಚಂಚಲ’ ಎಂದುಬಿಡುತ್ತೇವೆ. ಅಷ್ಟೇ ಸುಲಭವಾಗಿ ಈಚೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಎಂದೂ ಹೇಳುತ್ತಾರೆ. ಎರಡೂ ಒಂದಲ್ಲ. 2013ರಲ್ಲಿ ಬಂದ, ಮನೋರೋಗಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು, ಮನೆ, ಶಾಲೆ ಹೀಗೆ ಎರಡು ಅಥವಾ ಹೆಚ್ಚು ಕಡೆ ಕಾಣಿಸಬೇಕು, ಬದುಕಿಗೆ ತೊಡಕಾಗಿರಬೇಕು. ಗಣಿತದ ಪುಸ್ತಕದ ಮುಂದೆ ಮಾತ್ರ ಚಂಚಲವಾಗುವ ಮನಸ್ಸು ಆ ಲೆಕ್ಕಕ್ಕೆ ಬರುವುದಿಲ್ಲ. ಅದೇ ರೀತಿ ‘ಕ್ಷಣಚಿತ್ತ ಕ್ಷಣಪಿತ್ತ’ದವರನ್ನು ಬೈಪೋಲಾರ್ ಎಂದು ಕರೆಯುವುದೂ ತಪ್ಪು: ಆ ಕಾಯಿಲೆಯ ಉನ್ಮಾದದ ಹಂತ ಸಾಮಾನ್ಯವಾಗಿ ಒಂದು ವಾರವಾದರೂ, ಖಿನ್ನತೆಯ ಹಂತ ಎರಡು ವಾರವಾದರೂ ಇರುತ್ತದೆ. ಕ್ಷಣಕ್ಕೊಮ್ಮೆ ಮುನಿಸು, ಕ್ಷಣಕ್ಕೊಮ್ಮೆ ನಗು ಎಂಬುದು ಸ್ವಭಾವ. ಗಾದೆಗೆ ಸೇರಿದ್ದು, ಆಸ್ಪತ್ರೆಗಲ್ಲ.

ಚಪಲ ದಾರಿ ಬದಲಿಸಿದ ಕಥೆ

ಸಂಸ್ಕೃತದಲ್ಲಿ ಚಪಲ ಮತ್ತು ಚಂಚಲ ಅಕ್ಕಪಕ್ಕದ ಮನೆಯವು. ಲಕ್ಷ್ಮಿಗೆ ಅಲ್ಲಿ ಚಪಲಾ ಎಂಬ ಹೆಸರೂ ಇದೆ. ಮನುಸ್ಮೃತಿಯ 4ನೆಯ ಅಧ್ಯಾಯದಲ್ಲಿ ‘ಪಾಣಿಪಾದಚಪಲ’, ‘ನೇತ್ರಚಪಲ’, ‘ವಾಕ್ಚಪಲ’ ಆಗಬಾರದು ಎಂಬ ಮಾತು ಬರುತ್ತದೆ. ಕೈಕಾಲು ಸುಮ್ಮನಿರದವನು, ಕಣ್ಣು ಸುಮ್ಮನಿರದವನು, ನಾಲಗೆ ಸುಮ್ಮನಿರದವನು ಎಂದರ್ಥ. ಕನ್ನಡಕ್ಕೆ ಬಂದ ಮೇಲೆ ಈ ಮೂರರಲ್ಲಿ ಗಟ್ಟಿಯಾಗಿ ಉಳಿದುಕೊಂಡದ್ದು ನಾಲಗೆಯದು. ಬಾಯಿ ಚಪಲ, ನಾಲಗೆ ಚಪಲ, ಮಾತಿನ ಚಪಲ. ನಾಲಗೆಗೆ ಮಾತು ಎಷ್ಟೋ ರುಚಿಯೂ ಅಷ್ಟೇ ಆದ್ದರಿಂದ, ಸುಮ್ಮನಿರದಿರುವುದು ಎಂಬ ಅರ್ಥ ಮೆಲ್ಲಗೆ ‘ತಡೆಯಲಾಗದ ಆಸೆ’ ಎಂಬ ಕಡೆಗೆ ಜಾರಿತು.

ಈಗ ಕನ್ನಡದ ಚಪಲಕ್ಕೆ ಒಂದು ಗುರಿ ಬೇಕೇ ಬೇಕು: ತಿನ್ನುವ ಚಪಲ, ಬರೆಯುವ ಚಪಲ, ಕೊಳ್ಳುವ ಚಪಲ. ಚಪಲವನ್ನು ‘ತೀರಿಸಿಕೊಳ್ಳಬಹುದು’. ಚಾಂಚಲ್ಯವನ್ನು ತೀರಿಸಿಕೊಳ್ಳಲಾಗದು, ಏಕೆಂದರೆ ಅದಕ್ಕೆ ಏನು ಬೇಕೆಂಬುದು ಅದಕ್ಕೇ ಗೊತ್ತಿಲ್ಲ. ವಾಕ್ಯದಲ್ಲಿ ‘ತೀರಿತು’ ಕೂಡುತ್ತದೆಯೇ ನೋಡಿ. ಕೂಡಿದರೆ ಚಪಲ, ಕೂಡದಿದ್ದರೆ ಚಂಚಲ. ‘ಚಪಲಚೆನ್ನಿಗರಾಯ’ ಹೆಣ್ಣುಗಳ ಹಿಂದೆ ಬೀಳುವವನಿಗೆ ಸಲ್ಲುವ ಬಿರುದು. ಅದನ್ನು ತೀರ್ಮಾನ ಬದಲಿಸುವವನಿಗೆ ಕೊಟ್ಟರೆ ಮಾನನಷ್ಟದ ಮಾತು ಬಂದೀತು. ‘ದುಡ್ಡು ಕಂಡು ಮನಸ್ಸು ಚಂಚಲವಾಯಿತು’ ಎಂಬ ಬಳಕೆ ಮಾತ್ರ ಎರಡರ ಗಡಿಯಲ್ಲಿದೆ. ಅಲ್ಲಿ ಹೇಳುತ್ತಿರುವುದು ನಿಂತಿದ್ದ ಮನಸ್ಸು ಅಲುಗಿತು ಎಂದು, ಆಸೆ ಹುಟ್ಟಿತು ಎಂಬುದು ಅದರ ಹಿಂದಿನ ಕಾರಣ.

ಗೋಸುಂಬೆಗೆ ಆದ ಅನ್ಯಾಯ

ಗೋಸುಂಬೆ, ಊಸರವಳ್ಳಿ ಎರಡೂ ಒಂದೇ ಪ್ರಾಣಿ. ಬೇಲಿ ಮೇಲೆ ತಲೆ ಕುಣಿಸುವ ಓತಿಕ್ಯಾತ ಬೇರೆ, ಅದರ ಗಂಡಿಗೆ ಸಂತಾನಕಾಲದಲ್ಲಿ ಕತ್ತು ಕೆಂಪಾಗುತ್ತದೆ ಎಂಬ ಕಾರಣಕ್ಕೆ ಜನ ಎರಡನ್ನೂ ಬೆರೆಸುತ್ತಾರೆ. ಬೈಗುಳವಾಗಿ ‘ಗೋಸುಂಬೆ’ ಎಂದರೆ ಲಾಭ ನೋಡಿಕೊಂಡು ಬಣ್ಣ ಬದಲಿಸುವವನು. ಇಲ್ಲಿ ಲೆಕ್ಕಾಚಾರವಿದೆ. ಲೆಕ್ಕ ಹಾಕುವವನು ಚಂಚಲನಲ್ಲ, ಅವನ ಗುರಿ ಬಹಳ ಸ್ಥಿರ, ಅದು ತಾನು. ಹೀಗಾಗಿ ‘ಚಂಚಲ ಗೋಸುಂಬೆ ರಾಜಕಾರಣಿ’ ಎಂದು ಎರಡನ್ನೂ ಪೋಣಿಸಿ ಬರೆಯುವುದು ಬೈಗುಳವನ್ನು ಮೃದು ಮಾಡಿದಂತೆಯೇ ಆಗುತ್ತದೆ. ಪಾಪ, ಕೈಮೀರಿ ಹಾಗಾಯಿತು ಎಂಬ ರಿಯಾಯಿತಿ ಚಂಚಲ ಎಂಬ ಪದದೊಳಗಿದೆ.

ಪ್ರಾಣಿಯ ಬಗ್ಗೆಯೂ ಒಂದು ಮಾತು. ಗೋಸುಂಬೆ ಬಣ್ಣ ಬದಲಿಸುವುದು ಮುಖ್ಯವಾಗಿ ಕೂತ ಕೊಂಬೆಗೆ ಹೊಂದಿಕೊಳ್ಳಲು ಅಲ್ಲ. ಮೈ ಬಿಸಿ ಮಾಡಿಕೊಳ್ಳಲು ಕಪ್ಪಾಗುತ್ತದೆ. ಎದುರಾಳಿ ಕಂಡಾಗ, ಜೊತೆಗಾರ್ತಿ ಕಂಡಾಗ, ಹೆದರಿದಾಗ ಬೇರೆ ಬೇರೆ ಬಣ್ಣ ತೋರುತ್ತದೆ. ಮಡಗಾಸ್ಕರಿನ ಒಂದು ಜಾತಿಯ ಗೋಸುಂಬೆಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚರ್ಮದ ಕೋಶಗಳೊಳಗಿನ ಅತಿಸಣ್ಣ ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಾಗ ಬಣ್ಣ ಬದಲಾಗುತ್ತದೆ ಎಂದು ಗೊತ್ತಾಯಿತು. ಅಂದರೆ ಅದು ಒಳಗಿರುವುದನ್ನು ಹೊರಗೆ ತೋರಿಸುವ ಪ್ರಾಣಿ. ಗೋಸುಂಬೆ ಎಂದು ಬೈಸಿಕೊಳ್ಳುವವರು ಮಾಡುವುದು ಇದರ ಉಲ್ಟಾ. ತಮಾಷೆಯೆಂದರೆ ಅದರ ನಡಿಗೆಯಲ್ಲಿ ನಿಜವಾದ ಹೊಯ್ದಾಟವಿದೆ: ಒಂದು ಕಾಲೆತ್ತಿ, ಮೈಯನ್ನು ಹಿಂದಕ್ಕೂ ಮುಂದಕ್ಕೂ ಮೂರು ನಾಲ್ಕು ಸಲ ತೂಗಿ, ಆಮೇಲೆ ಆ ಕಾಲು ಇಡುತ್ತದೆ. ಗಾಳಿಗೆ ಅಲುಗುವ ಎಲೆಯ ಹಾಗೆ ಕಾಣಲಿ ಎಂದು ಈ ತೂಗಾಟ ಎಂಬುದು ಒಂದು ವಿವರಣೆ. ಗಾದೆ ಕಟ್ಟಿದವರು ಬಣ್ಣ ನೋಡಿದರು, ನಡಿಗೆ ನೋಡಲಿಲ್ಲ.

ಇಂಥವೇ ಇನ್ನೆರಡು ಮಾತುಗಳು ಚಂಚಲದ ಗುಂಪಿಗೆ ಸೇರಿಕೊಂಡಿವೆ. ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಎಂದರೆ ಆ ಕಡೆಗೂ ಈ ಕಡೆಗೂ ಆಗುವ ಹಾಗೆ ಬೇಕೆಂದೇ ಮಾತಾಡುವುದು. ‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದಲ್ಲಿ ರಾಶಿ ತೂರುವವನಿಗೆ ಹೇಳಿದ ಬುದ್ಧಿಮಾತು, ಅವಕಾಶ ಬಿಡಬೇಡ ಎಂದು. ಅದನ್ನು ‘ಗಾಳಿ ಬಂದ ಕಡೆ ವಾಲುವುದು’ ಎಂಬ ಅರ್ಥದಲ್ಲಿ ಬಳಸಿದವರು ಹೊಟ್ಟನ್ನೂ ಕಾಳನ್ನೂ ಬೆರೆಸಿದ್ದಾರೆ.

ಸುದ್ದಿಮನೆಯಲ್ಲಿ

ಅನುವಾದದ ಮೇಜಿನಲ್ಲಿ ತೊಂದರೆ ಕೊಡುವುದು ಇಂಗ್ಲಿಷಿನ ‘ವೊಲಟೈಲ್’. ಕಂಡಲ್ಲೆಲ್ಲ ‘ಚಂಚಲ’ ಎಂದು ಹಾಕಿದರೆ ನಗೆಪಾಟಲು. ಪೆಟ್ರೋಲು, ಸ್ಪಿರಿಟ್ಟಿನ ವಿಷಯ ಬಂದರೆ ‘ಬಾಷ್ಪಶೀಲ’, ಸರಳವಾಗಿ ‘ಬೇಗ ಆವಿಯಾಗುವ’. ಗಡಿಯ ಪರಿಸ್ಥಿತಿಯಾದರೆ ‘ಸ್ಫೋಟಕ’ ಅಥವಾ ‘ಉದ್ವಿಗ್ನ’. ಕರೆಂಟು ಹೋದರೆ ಅಳಿಸಿಹೋಗುವ ಕಂಪ್ಯೂಟರ್ ಮೆಮೊರಿಯಾದರೆ ಹಾಗೆಯೇ ಬಿಡಿಸಿ ಹೇಳುವುದು ಮೇಲು.

ಷೇರುಪೇಟೆಯಲ್ಲಿ ಮಾತ್ರ ಚಂಚಲ ಒಪ್ಪುತ್ತದೆ, ಅದೂ ಒಂದು ಷರತ್ತಿನ ಮೇಲೆ. ಸೂಚ್ಯಂಕ ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಇಳಿದಿದ್ದರೆ ಅದು ‘ಕುಸಿತ’. ಏರಿ ಇಳಿದು ಮತ್ತೆ ಏರಿ ಕೊನೆಗೆ ಹೊರಟಲ್ಲೇ ಬಂದು ನಿಂತಿದ್ದರೆ ‘ಚಂಚಲ ವಹಿವಾಟು’. ಅರಳಿ ಎಲೆಯನ್ನು ಇಲ್ಲೂ ನೆನೆಯಬಹುದು. 2008ರಿಂದ ಬಳಕೆಯಲ್ಲಿರುವ ಇಂಡಿಯಾ ವಿಐಎಕ್ಸ್ ಸೂಚ್ಯಂಕ ಅಳೆಯುವುದೂ ಇದನ್ನೇ: ನಿಫ್ಟಿ ಎಂಬ ಷೇರು ಸೂಚ್ಯಂಕದ ಆಪ್ಷನ್ನುಗಳ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ, ಮಾರುವ ಹಕ್ಕುಗಳ) ಬೆಲೆಯಿಂದ ಮುಂದಿನ 30 ದಿನಗಳಲ್ಲಿ ಎಷ್ಟು ಏರುಪೇರು ಆಗಬಹುದೆಂದು ಪೇಟೆ ನಿರೀಕ್ಷಿಸುತ್ತಿದೆ ಎಂಬ ಅಂದಾಜು, ವಾರ್ಷಿಕ ಶೇಕಡಾವಾರಿನಲ್ಲಿ. ವಿಐಎಕ್ಸ್ 15 ಇದ್ದರೆ, ವರ್ಷದ ಲೆಕ್ಕವನ್ನು ತಿಂಗಳಿಗೆ ಇಳಿಸಲು ಅದನ್ನು 12ರ ವರ್ಗಮೂಲದಿಂದ ಭಾಗಿಸಬೇಕು. ತಿಂಗಳಿಗೆ ಸುಮಾರು ಶೇ 4.3ರಷ್ಟು ಆ ಕಡೆಗೋ ಈ ಕಡೆಗೋ ಎಂದಾಯಿತು. ಯಾವ ಕಡೆಗೆ ಎಂದು ಅದು ಹೇಳುವುದೇ ಇಲ್ಲ. ‘ಚಂಚಲತೆ ಹೆಚ್ಚಿತು, ಆದ್ದರಿಂದ ಪೇಟೆ ಬೀಳಲಿದೆ’ ಎಂದು ಬರೆದರೆ ಪದವೂ ತಪ್ಪು, ಲೆಕ್ಕವೂ ತಪ್ಪು.

ಸರ್ಕಾರ ‘ಅಸ್ಥಿರ’ವಾಗುತ್ತದೆ, ಬಹುಮತವಿಲ್ಲದ ಸದನ ‘ಅತಂತ್ರ’ವಾಗುತ್ತದೆ, ಎರಡನ್ನೂ ಯಾರೂ ಚಂಚಲ ಎನ್ನುವುದಿಲ್ಲ. ಅಸ್ಥಿರ ಎಂದರೆ ಯಾವಾಗ ಬೇಕಾದರೂ ಬಿದ್ದೀತು ಎಂದು. ಚಂಚಲವಾದದ್ದು ಬೀಳುವುದಿಲ್ಲ, ಅಲುಗುತ್ತಲೇ ಇರುತ್ತದೆ. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದ್ದರಿಂದ ಹುಟ್ಟಿದ ‘ಆಯಾರಾಂ ಗಯಾರಾಂ’ ಕನ್ನಡಕ್ಕೂ ಬಂದಿದೆ. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿ, ಪಕ್ಷ ಬದಲಿಸಿದವರನ್ನು ಅನರ್ಹಗೊಳಿಸುವ ಹತ್ತನೆಯ ಅನುಸೂಚಿಯನ್ನು ಸೇರಿಸಿದ ಮೇಲೆ ಇದಕ್ಕೆ ‘ಪಕ್ಷಾಂತರ’ ಎಂಬುದೇ ಕಾನೂನಿನ ಮಾತು. ಅನರ್ಹತೆಯ ಅರ್ಜಿಯಲ್ಲಿ ‘ಚಂಚಲಚಿತ್ತ’ಕ್ಕೆ ಜಾಗವಿಲ್ಲ.

‘ವಿಚಲಿತ’ ಮತ್ತು ‘ಚಂಚಲ’ ಒಂದೇ ಬೇರಿನವಾದರೂ ಅದಲು ಬದಲಾಗಬಾರದು. ಹೊರಗಿನ ಆಘಾತದಿಂದ ನೆಲೆ ತಪ್ಪಿದವರು ವಿಚಲಿತರು. ಸಾವಿನ ಸುದ್ದಿ ಕೇಳಿ ಎಂಥ ಗಟ್ಟಿಯವರೂ ವಿಚಲಿತರಾಗಬಹುದು. ‘ವಿಕ್ಷಿಪ್ತ’ದ ಗತಿ ಇನ್ನೂ ವಿಚಿತ್ರ. ಯೋಗಸೂತ್ರದ ವ್ಯಾಸಭಾಷ್ಯ ಚಿತ್ತದ ಐದು ಭೂಮಿಗಳನ್ನು, ಅಂದರೆ ಸ್ಥಿತಿಗಳನ್ನು, ಹೇಳುತ್ತದೆ: ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಪೂರ್ತಿ ಚೆದುರಿದ್ದು ಕ್ಷಿಪ್ತ. ನಡುನಡುವೆ ಆದರೂ ನಿಲ್ಲುವುದು ವಿಕ್ಷಿಪ್ತ. ಆ ಲೆಕ್ಕದಲ್ಲಿ ವಿಕ್ಷಿಪ್ತ ಎನ್ನಿಸಿಕೊಳ್ಳುವುದು ಒಂದು ಬಡ್ತಿ. ಕನ್ನಡದಲ್ಲಿ ಅದು ಈಗ ಅರೆಹುಚ್ಚು, ವಿಚಿತ್ರ ಸ್ವಭಾವ ಎಂಬ ಅರ್ಥಕ್ಕೆ ಹೋಗಿಬಿಟ್ಟಿದೆ, ಇನ್ನು ವಾಪಸು ತರಲಾಗದು.

ಹೊಗಳಿಕೆಯಾದಾಗ

ಕಣ್ಣಿಗೆ ಚಂಚಲ ಎಂದರೆ ಹೊಗಳಿಕೆ. ಚಂಚಲಾಕ್ಷಿ, ಲೋಲಾಕ್ಷಿ, ತರಳಾಕ್ಷಿ ಎಲ್ಲ ಒಂದೇ ಮಾತು. ಮೀನಾಕ್ಷಿ, ಹರಿಣಾಕ್ಷಿಯಲ್ಲೂ ಮೀನಿನ, ಜಿಂಕೆಯ ಕಣ್ಣಿನ ಚುರುಕು ಸೇರಿದೆ. ಅಲುಗುವುದು ಜೀವದ ಲಕ್ಷಣ ಎಂಬ ಹಳೆಯ ಅರ್ಥ ಇಲ್ಲಿ ಬದುಕಿದೆ. ಅದು ಇನ್ನೂ ಚೆನ್ನಾಗಿ ಬದುಕಿರುವುದು ‘ತರಳ’ ಎಂಬ ಪದದಲ್ಲಿ. ಅಮರಕೋಶದಲ್ಲಿ ಚಂಚಲದ ಪಕ್ಕದಲ್ಲೇ ಇರುವ ‘ತರಲ’ ಕನ್ನಡ ಕಾವ್ಯಕ್ಕೆ ಬಂದು ‘ತರಳ’ವಾಗಿ, ಬಾಲಕ ಎಂಬ ಅರ್ಥ ಪಡೆಯಿತು. ಸುಮ್ಮನೆ ಕೂರದವನೇ ಹುಡುಗ ಎಂದು ಭಾಷೆ ತೀರ್ಪು ಕೊಟ್ಟಂತಾಯಿತು. ಸಿರಿಗೆರೆಯ ತರಳಬಾಳು ಮಠದ ಹೆಸರಿನಲ್ಲಿರುವುದೂ ಇದೇ ತರಳ.

ಬರೆಯುವಾಗ

ಚಂಚಲದಿಂದ ಭಾವನಾಮ ಮಾಡಲು ಎರಡು ದಾರಿಗಳಿವೆ. ಕೊನೆಗೆ ‘ತೆ’ ಹಚ್ಚಿದರೆ ‘ಚಂಚಲತೆ’. ಮೊದಲ ಸ್ವರಕ್ಕೆ ವೃದ್ಧಿ ಕೊಟ್ಟು, ಅಂದರೆ ‘ಅ’ವನ್ನು ‘ಆ’ ಮಾಡಿ, ಕೊನೆಗೆ ‘ಯ’ ಸೇರಿಸಿದರೆ ‘ಚಾಂಚಲ್ಯ’. ಸುಂದರ ಸೌಂದರ್ಯವಾದಂತೆ, ಧೀರ ಧೈರ್ಯವಾದಂತೆ. ಎರಡನ್ನೂ ಒಟ್ಟಿಗೆ ಮಾಡಿದರೆ ‘ಚಾಂಚಲ್ಯತೆ’ ಎಂಬ ತಪ್ಪು ರೂಪ ಹುಟ್ಟುತ್ತದೆ. ಭಾಷಣಗಳಲ್ಲಿ ಇದು ‘ಸೌಂದರ್ಯತೆ’ಯ ಜೋಡಿಯಾಗಿ ತಿರುಗಾಡುತ್ತಿರುತ್ತದೆ. ‘ಚಾಂಚಲತೆ’ಯೂ ಅರ್ಧ ದಾರಿಯಲ್ಲಿ ನಿಂತದ್ದು, ತಪ್ಪು. ಕ್ರಿಯೆಯಾಗಿ ‘ಚಂಚಲವಾಗು’, ‘ಚಂಚಲಗೊಳ್ಳು’, ‘ಚಂಚಲಗೊಳಿಸು’ ಸಲ್ಲುತ್ತವೆ. ‘ಅವನು ಚಂಚಲ’ ಎಂದರೆ ಒರಟು, ‘ಅವನ ಮನಸ್ಸು ಚಂಚಲ’ ಎಂದರೆ ಸಹಜ. ದೋಷವನ್ನು ಮನುಷ್ಯನಿಂದ ಒಂದು ಗೇಣು ದೂರ ಇಡುವುದು ಕನ್ನಡದ ಸಂಕೋಚ.

ಎದುರು ಪದವನ್ನು ಏನು ಅಲುಗುತ್ತಿಲ್ಲ ಎಂಬುದರ ಮೇಲೆ ಆರಿಸಬೇಕು. ನೀರು, ದೇಹ, ದೀಪ ನಿಶ್ಚಲ. ಬೆಟ್ಟ, ನಂಬಿಕೆ ಅಚಲ. ಗಮನ ಏಕಾಗ್ರ. ನಿರ್ಧಾರ ದೃಢ. ಬೆಲೆ, ಸರ್ಕಾರ ಸ್ಥಿರ. ಭಕ್ತಿಗೆ ‘ಅಚಂಚಲ’ವೂ ಸಲ್ಲುತ್ತದೆ. ಆಸ್ತಿಗೆ ಹಿಂದಿಯವರು ಚಲ, ಅಚಲ ಎಂದರೆ ನಾವು ಚರ, ಸ್ಥಿರ ಎನ್ನುತ್ತೇವೆ. ‘ಚಲ ಆಸ್ತಿ’ ಎಂದು ಕನ್ನಡ ದಸ್ತಾವೇಜಿನಲ್ಲಿ ಬಂದರೆ ಅದು ಹಿಂದಿಯ ನೆರಳು.

ಹಳಗನ್ನಡದಲ್ಲಿ ‘ಚಂಚಳ’ ಎಂದು ಕಂಡರೆ ಅಚ್ಚಿನ ತಪ್ಪೆಂದು ತಿದ್ದಬಾರದು. ಸಂಸ್ಕೃತದ ಲಕಾರ ಕನ್ನಡದಲ್ಲಿ ಳಕಾರವಾಗುವುದನ್ನು 13ನೆಯ ಶತಮಾನದ ವೈಯಾಕರಣ ಕೇಶಿರಾಜ ‘ಕ್ಷಳ’ ಎಂದು ಗುರುತಿಸಿದ್ದಾನೆ. ಕಮಳ, ಕೋಮಳಗಳ ಸಾಲಿಗೇ ಇದೂ ಸೇರುತ್ತದೆ. ‘ಛಂಚಲ’ ಮಾತ್ರ ಯಾವ ಕಾಲಕ್ಕೂ ಸಲ್ಲದು. ಅಷ್ಟೇ ಅಲ್ಲ, ಚ-ಛಗಳ ಈ ಗಡಿಯಲ್ಲಿ ಒಂದು ಹಳ್ಳವೂ ಇದೆ. ಸಂಸ್ಕೃತದ ‘ಚಲ’ ಎಂದರೆ ಅಲುಗುವ. ಕನ್ನಡದ ‘ಛಲ’ ಎಂದರೆ ಅಲುಗದ ಹಟ; ‘ಛಲಬೇಕು ಶರಣಂಗೆ’ ಎಂಬಲ್ಲಿರುವುದು. ಈ ಹಟದ ಪದ ಹಳೆಯ ಪಾಠಗಳಲ್ಲಿ ಮಹಾಪ್ರಾಣವಿಲ್ಲದೆ ಬರುತ್ತದೆ. 941ರ ಸುಮಾರಿಗೆ ಪಂಪ ಭಾರತದ ಪಾತ್ರಗಳನ್ನು ಒಂದೊಂದು ಗುಣಕ್ಕೆ ಕಟ್ಟಿ ಹೇಳುವಾಗ ‘ಚಲದೊಳ್ ದುರ್ಯೋಧನಂ, ನನ್ನಿಯೊಳಿನತನಯಂ’ ಎಂದಿದ್ದಾನೆ. ತರಗತಿಯಲ್ಲಿ ಇದನ್ನು ‘ಚಂಚಲತೆಯಲ್ಲಿ ದುರ್ಯೋಧನ’ ಎಂದು ಬಿಡಿಸಿದರೆ ಇಡೀ ಪದ್ಯ ತಲೆಕೆಳಗಾಗುತ್ತದೆ. ಚಲಚಿತ್ತ, ಚಲದಲದಂತೆ ಸಮಾಸದ ಮೊದಲಲ್ಲಿ ವಿಶೇಷಣವಾಗಿ ಕೂತಿದ್ದರೆ ಅದು ಅಲುಗುವ ಚಲ; ‘ಚಲದೊಳ್’, ‘ಚಲಮಂ’ ಎಂದು ವಿಭಕ್ತಿ ಹೊತ್ತು ತಾನೇ ನಾಮಪದವಾಗಿ ನಿಂತಿದ್ದರೆ, ಸಾಮಾನ್ಯವಾಗಿ, ಕದಲದ ಚಲ.